ಬಿಸಿಲೂರಿನ ಓಟಗಾರರ ನಾಡಿಬಡಿತ

ಪೊಲೀಸ್ ನೇಮಕಾತಿಯ 1600 ಮೀಟರ್ ಓಟಕ್ಕೆಂದು ಕಲಬುರಗಿಯಲ್ಲಿ ಬೆಳಗಿನ ಜಾವ ಮೈದಾನಕ್ಕಿಳಿಯುವ ತರುಣರಲ್ಲಿ, ತಿಂಗಳುಗಟ್ಟಲೆ ಅಭ್ಯಾಸ ತಪ್ಪಿಸದವರು ಹಾಸಿಗೆಯಿಂದ ಏಳುವ ಮುನ್ನ ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನಾಡಿ ಎಣಿಸಿದರೆ ನಿಮಿಷಕ್ಕೆ 50ರ ಆಸುಪಾಸಿನ ಸಂಖ್ಯೆ ಸಿಗಬಹುದು. ವಯಸ್ಕರ ನಾಡಿ ಸಾಮಾನ್ಯವಾಗಿ 60ರಿಂದ 100ರ ನಡುವೆ ಇರುವುದರಿಂದ ಮನೆಯ ಹಿರಿಯರು ಇದನ್ನು ನಿಶ್ಶಕ್ತಿಯೆಂದು ತಿಳಿದು ಗಾಬರಿಯಾಗುವುದು ಸಹಜ. ವಾಸ್ತವದಲ್ಲಿ ಇದು ಮಿತವ್ಯಯ. ವಿಶ್ರಾಂತಿಯಲ್ಲಿರುವ ದೇಹಕ್ಕೆ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಬೇಕು. ಹೃದಯವು ಒಂದು ಬಡಿತಕ್ಕೆ 70 ಮಿಲಿಲೀಟರ್ ಹೊರದೂಡಿದರೆ 70ಕ್ಕೂ ಹೆಚ್ಚು ಬಡಿತಗಳು ಬೇಕಾಗುತ್ತವೆ, 100 ಮಿಲಿಲೀಟರ್ ದೂಡಿದರೆ 50 ಸಾಕು.

ಈ ಸಾಮರ್ಥ್ಯ ಹಂತ ಹಂತವಾಗಿ ಬರುತ್ತದೆ. ಮೊದಲ ವಾರಗಳಲ್ಲೇ ರಕ್ತದ ದ್ರವಭಾಗ ಹೆಚ್ಚುತ್ತದೆ. ತಿಂಗಳುಗಳು ಕಳೆದಂತೆ ಮೈಗೆಲ್ಲ ರಕ್ತ ದೂಡುವ ಹೃದಯದ ಕೋಣೆಯಾದ ಎಡ ಹೃತ್ಕುಕ್ಷಿ ಹಿಗ್ಗಿ, ಅದರ ಗೋಡೆ ತುಸು ದಪ್ಪವಾಗುತ್ತದೆ. ಸ್ವೀಡನ್ನಿನ ವೈದ್ಯ ಹೆನ್ಶೆನ್ 1899ರಲ್ಲೇ ಹಿಮಜಾರಾಟದ ಸ್ಪರ್ಧಿಗಳ ಎದೆಯನ್ನು ಬೆರಳಿನಿಂದ ತಟ್ಟಿ, ಅವರ ಹೃದಯ ದೊಡ್ಡದಾಗಿರುವುದನ್ನು ಗುರುತಿಸಿದ್ದರು. ಎಕ್ಸ್‌ರೇ ಆಗಷ್ಟೇ ಬಂದಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಬಡಿತ ನಿಧಾನವಾಗುವುದಕ್ಕೆ, ಮಿದುಳಿನಿಂದ ಹೃದಯಕ್ಕೆ ಇಳಿದು ಅದನ್ನು ತಡೆಹಿಡಿಯುವ ವೇಗಸ್ ಎಂಬ ನರದ ಹಿಡಿತವೇ ಕಾರಣವೆಂದು ಬಹುಕಾಲ ನಂಬಲಾಗಿತ್ತು. ಬಡಿತಕ್ಕೆ ಚಾಲನೆ ನೀಡುವ ಸೈನಸ್ ಗಂಟಿನ ಕೋಶಗಳೇ ಬದಲಾಗುತ್ತವೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿದ ಮೇಲೆ ಈ ಚರ್ಚೆ ಮತ್ತೆ ತೆರೆದುಕೊಂಡಿದೆ.

ಎಷ್ಟೇ ಓಡಿದರೂ ಗರಿಷ್ಠ ಬಡಿತ ಮಾತ್ರ ಏರುವುದಿಲ್ಲ. ಅದು ಮುಖ್ಯವಾಗಿ ವಯಸ್ಸಿಗೆ ಕಟ್ಟುಬಿದ್ದದ್ದು. ಆದ್ದರಿಂದಲೇ ನಮ್ಮ ಭಾಗದ ಬೇಸಿಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ವಿಧಿಯಿಲ್ಲ. ಉಷ್ಣಾಂಶ 40 ಡಿಗ್ರಿ ದಾಟುವ ಏಪ್ರಿಲ್-ಮೇ ತಿಂಗಳಲ್ಲಿ ಮೈ ತಣಿಸಲು ರಕ್ತ ಚರ್ಮದತ್ತ ಹರಿಯುತ್ತದೆ, ಬೆವರಿನೊಂದಿಗೆ ಅದರ ದ್ರವಭಾಗ ಇಳಿಯುತ್ತದೆ, ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ಪ್ರತಿ ಬಡಿತದ ಪ್ರಮಾಣ ಕುಗ್ಗುತ್ತದೆ. ಆ ಕೊರತೆಯನ್ನು ಬಡಿತದ ಸಂಖ್ಯೆಯೇ ತುಂಬಬೇಕು. ಜನವರಿಯಲ್ಲಿ ಹಗುರವೆನಿಸಿದ ವೇಗಕ್ಕೆ ಮೇ ತಿಂಗಳಲ್ಲಿ ನಾಡಿ ಏರುತ್ತಲೇ ಹೋಗುವುದು ಇದರಿಂದ. ಹತ್ತು-ಹದಿನಾಲ್ಕು ದಿನ ಬಿಸಿಲಿಗೆ ಮೆಲ್ಲಗೆ ಒಗ್ಗಿಸಿಕೊಂಡರೆ ದ್ರವಭಾಗ ಹೆಚ್ಚಿ, ಬೆವರು ಬೇಗ ಶುರುವಾಗಿ, ಅದೇ ವೇಗಕ್ಕೆ ನಾಡಿ ಇಳಿಯುತ್ತದೆ. ಬೇಸಿಗೆಯಲ್ಲೂ ಸ್ಟಾಪ್‌ವಾಚ್ ಒಂದನ್ನೇ ನಂಬಿ ಹುಡುಗರನ್ನು ಓಡಿಸುವ ತರಬೇತಿ ನನಗೆ ಅರೆಬರೆಯೆಂದೇ ತೋರುತ್ತದೆ.

ಓಡುವಾಗಲೇ ತಲೆಸುತ್ತು ಬಂದರೆ ಅಥವಾ ಎಚ್ಚರ ತಪ್ಪಿದರೆ, ಅದನ್ನು ಅಭ್ಯಾಸದ ಫಲವೆಂದು ತಳ್ಳಿಹಾಕದೆ ಇಸಿಜಿ, ಎಕೋ ಪರೀಕ್ಷೆ ಮಾಡಿಸಬೇಕು. ಆನುವಂಶಿಕ ಕಾಯಿಲೆಯೊಂದರಲ್ಲೂ ಹೃದಯದ ಗೋಡೆ ದಪ್ಪವಾಗುತ್ತದೆ. ಸಂದೇಹ ಉಳಿದಾಗ ವೈದ್ಯರು ಕೆಲವು ವಾರ, ಕೆಲವೊಮ್ಮೆ ತಿಂಗಳುಗಳ ಕಾಲ ಓಟ ನಿಲ್ಲಿಸಿ ಮತ್ತೆ ಅಳೆಯುವುದುಂಟು: ಅಭ್ಯಾಸದಿಂದ ಬಂದ ದಪ್ಪ ಇಳಿಯುತ್ತದೆ, ಕಾಯಿಲೆಯದು ಸಾಮಾನ್ಯವಾಗಿ ಹಾಗೆಯೇ ಉಳಿಯುತ್ತದೆ.