ತೂಕ ಕೇಳುವ ಮೊದಲು ವಾರ ಕೇಳಿ

ನವಜಾತ ಶಿಶುಗಳ ತೀವ್ರ ನಿಗಾ ಘಟಕದ ಬಾಗಿಲ ಹೊರಗೆ ಕಾದು ನಿಂತವರ ಮೊದಲ ಪ್ರಶ್ನೆ ಗಂಡೋ ಹೆಣ್ಣೋ ಎಂಬುದಾದರೆ ಎರಡನೆಯದು "ತೂಕ ಎಷ್ಟು ಮೇಡಂ?" ಎಂಬುದು. ಎರಡೂವರೆ ಕೆ.ಜಿ. ಎಂದು ಹೇಳಿದರೆ ಸಾಕು, ಎಲ್ಲರ ಮುಖ ಅರಳುತ್ತದೆ. ಅದರ ಬೆನ್ನಿಗೇ ನಾನು ಮಗುವಿಗೆ ಉಸಿರಾಟ ಕಷ್ಟವಾಗಿದೆ, ಯಂತ್ರದ ನೆರವು ಕೊಡುತ್ತಿದ್ದೇವೆ ಎಂದಾಗ ಅವರಿಗೆ ನಂಬಿಕೆ ಬರುವುದಿಲ್ಲ. ಇಷ್ಟು ತೂಕವಿರುವ ಮಗುವಿಗೆ ಉಸಿರಾಟದ ತೊಂದರೆ ಹೇಗೆ ಬರಲು ಸಾಧ್ಯ ಎಂದು ಕೇಳುವಾಗ, ಹೆರಿಗೆ ಮಾಡಿಸಿದವರೋ ನಾವೋ ಏನೋ ಎಡವಟ್ಟು ಮಾಡಿ ಮುಚ್ಚಿಡುತ್ತಿದ್ದೇವೆ ಎಂಬ ಗುಮಾನಿ ಅವರ ದನಿಯಲ್ಲಿ ಇಣುಕುತ್ತದೆ. ಗುಮಾನಿಯ ಬಗ್ಗೆ ನನಗೆ ಬೇಸರವಿಲ್ಲ. ಆತಂಕದಲ್ಲಿರುವವರು ಹಾಗೆ ಯೋಚಿಸುವುದು ಸಹಜ. ಬೇಸರವಿರುವುದು ಆ ಎರಡನೆಯ ಪ್ರಶ್ನೆಯ ಬಗ್ಗೆ. ಅದರ ಜಾಗದಲ್ಲಿ "ಎಷ್ಟು ವಾರಕ್ಕೆ ಹುಟ್ಟಿದೆ?" ಎಂದು ಕೇಳುವವರು ಬಹಳ ಅಪರೂಪ.

ಶ್ವಾಸಕೋಶ ಕೆ.ಜಿ. ಲೆಕ್ಕದಲ್ಲಿ ಬಲಿಯುವುದಿಲ್ಲ, ವಾರಗಳ ಲೆಕ್ಕದಲ್ಲಿ ಬಲಿಯುತ್ತದೆ. ಗರ್ಭದಲ್ಲಿರುವಾಗ ಮಗುವಿನ ಶ್ವಾಸಕೋಶದಲ್ಲಿ ಗಾಳಿಯಿರುವುದಿಲ್ಲ, ದ್ರವ ತುಂಬಿರುತ್ತದೆ. ಮಗುವಿಗೆ ಬೇಕಾದ ಆಮ್ಲಜನಕವೆಲ್ಲ ಮಾಸಿನ ಮೂಲಕ ತಾಯಿಯ ರಕ್ತದಿಂದ ಬರುತ್ತದೆ. ಹುಟ್ಟಿದ ಕ್ಷಣದಿಂದ ಲಕ್ಷಾಂತರ ಪುಟ್ಟ ಗಾಳಿಗೂಡುಗಳು ತೆರೆದುಕೊಳ್ಳಬೇಕು, ಮತ್ತು ಪ್ರತಿ ಸಲ ಉಸಿರು ಬಿಟ್ಟಾಗಲೂ ಅವು ಪೂರ್ತಿ ಮುಚ್ಚಿಹೋಗದೆ ಸ್ವಲ್ಪ ತೆರೆದೇ ಇರಬೇಕು. ಹಾಗೆ ಇರಲು ಅವುಗಳ ಒಳಗೋಡೆಗೆ ಸರ್ಫ್ಯಾಕ್ಟಂಟ್ ಎಂಬ ಜಿಡ್ಡಿನಂಥ ಪದಾರ್ಥದ ತೆಳುವಾದ ಲೇಪ ಬೇಕು. ಅದಿಲ್ಲದಿದ್ದರೆ, ಒದ್ದೆಯಾದ ಪ್ಲಾಸ್ಟಿಕ್ ಕವರಿನ ಎರಡು ಪದರಗಳು ಅಂಟಿಕೊಂಡು ಬಾಯಿ ಬಿಡಿಸಲು ಬಾರದಂತೆ, ಗಾಳಿಗೂಡಿನ ಗೋಡೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಮಗು ಪ್ರತಿಯೊಂದು ಉಸಿರಿಗೂ ಅವನ್ನು ಹೊಸದಾಗಿ ಬಿಡಿಸಬೇಕಾಗುತ್ತದೆ. ಈ ಪದಾರ್ಥ ಸುಮಾರು 24ನೇ ವಾರದ ಹೊತ್ತಿಗೆ ತಯಾರಾಗಲು ಶುರುವಾಗಿ, ಸಾಮಾನ್ಯವಾಗಿ 34–35 ವಾರಗಳ ಸುಮಾರಿಗೆ ಸಾಕಷ್ಟು ಪ್ರಮಾಣಕ್ಕೆ ಬರುತ್ತದೆ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳಲ್ಲಿ ಇದರ ಕೊರತೆಯಿಂದ ಉಂಟಾಗುವ ಉಸಿರಾಟದ ತೊಂದರೆಯನ್ನೇ ನಾವು ಆರ್‌ಡಿಎಸ್ (ರೆಸ್ಪಿರೇಟರಿ ಡಿಸ್ಟ್ರೆಸ್ ಸಿಂಡ್ರೋಮ್) ಎನ್ನುತ್ತೇವೆ. ಕಾಯಿಲೆಯ ಮೂಲ ಈ ಕೊರತೆಯಲ್ಲಿದೆ ಎಂದು ಅಮೆರಿಕದ ಮೇರಿ ಎಲೆನ್ ಏವರಿ ಮತ್ತು ಜೀರ್ ಮೀಡ್ ತೋರಿಸಿಕೊಟ್ಟದ್ದು 1959ರಲ್ಲಿ.

ಘಟಕದಲ್ಲಿ ಒಮ್ಮೆ ಅಕ್ಕಪಕ್ಕದ ವಾರ್ಮರ್‌ಗಳಲ್ಲಿ ಎರಡು ಮಕ್ಕಳಿದ್ದವು. ಒಂದರ ತೂಕ ಒಂದೂವರೆ ಕೆ.ಜಿ.ಗಿಂತ ಕಡಿಮೆ, ತಾಯಿಗೆ ರಕ್ತದೊತ್ತಡವಿದ್ದುದರಿಂದ ಗರ್ಭದಲ್ಲಿ ಬೆಳವಣಿಗೆ ಕುಂಠಿತವಾಗಿತ್ತು, ಆದರೆ 36 ವಾರ ತುಂಬಿತ್ತು. ಇನ್ನೊಂದು ಮೂರು ಕೆ.ಜಿ. ಹತ್ತಿರದ ಗುಂಡುಗುಂಡಾದ ಮಗು; ತಾಯಿಗೆ ಮಧುಮೇಹವಿತ್ತು, ಆಗಿದ್ದು 34 ವಾರ. ಸಣ್ಣದು ಮಾಮೂಲಿ ಗಾಳಿಯಲ್ಲೇ ಉಸಿರಾಡಿಕೊಂಡು ಒಳಲೆಯಲ್ಲಿ ಹಾಲು ಕುಡಿಯುತ್ತಿತ್ತು. ದೊಡ್ಡದರ ಮೂಗಿಗೆ ನಿರಂತರ ಒತ್ತಡದಲ್ಲಿ ಗಾಳಿ ಕೊಡುವ ಸಿಪ್ಯಾಪ್ ಯಂತ್ರದ ನಳಿಕೆ ಸಿಕ್ಕಿಸಿತ್ತು, ಪಕ್ಕದ ಬಾಟಲಿಯ ನೀರಿನಲ್ಲಿ ಗುಳುಗುಳು ಎಂದು ಗುಳ್ಳೆ ಏಳುತ್ತಿತ್ತು. ದೊಡ್ಡ ಮಗುವಿನ ಅಜ್ಜಿ ಆ ಕಡೆ ಈ ಕಡೆ ನೋಡಿ, "ಆ ಇಲಿಮರಿಯಂಥಾದ್ದಕ್ಕೆ ಏನೂ ಹಾಕಿಲ್ಲ, ನಮ್ಮ ಮಗೀಗ್ಯಾಕವ್ವಾ ಇದೆಲ್ಲ?" ಎಂದು ಸಿಸ್ಟರ್‌ನ ತರಾಟೆಗೆ ತೆಗೆದುಕೊಂಡರು. ಸಣ್ಣ ಮಗುವಿಗೆ ಅಪಾಯವೇ ಇಲ್ಲ ಎಂದಲ್ಲ. ಮೈ ತಣ್ಣಗಾಗುವುದು, ಸಕ್ಕರೆ ಅಂಶ ಇಳಿಯುವುದು ಮುಂತಾದ ಬೇರೆ ತೊಂದರೆಗಳಿರುತ್ತವೆ. ಆದರೆ ಉಸಿರಾಟದ ಮಟ್ಟಿಗೆ ಆ ಎರಡು ವಾರಗಳ ಮುಂದೆ ದುಪ್ಪಟ್ಟು ತೂಕದ ಆಟ ನಡೆಯಲಿಲ್ಲ. ಮಧುಮೇಹವಿರುವ ತಾಯಂದಿರ ಮಕ್ಕಳಲ್ಲಿ ಇದು ಇನ್ನೂ ಮೋಸದ ವಿಷಯ: ತಾಯಿಯ ಸಕ್ಕರೆ ಹೆಚ್ಚಿದಾಗ ಮಗುವಿನ ಮೈಯಲ್ಲಿ ಇನ್ಸುಲಿನ್ ಹೆಚ್ಚುತ್ತದೆ, ಅದೇ ಇನ್ಸುಲಿನ್ ಮಗುವನ್ನು ದಪ್ಪವಾಗಿಸುತ್ತದೆ, ಅದೇ ಸರ್ಫ್ಯಾಕ್ಟಂಟ್ ತಯಾರಿಕೆಗೆ ಅಡ್ಡಿ ಮಾಡುತ್ತದೆ.

ವಾರ ಕೇಳಿದರೂ ಉತ್ತರ ಸಿಗುವುದು ಸುಲಭವಲ್ಲ. "ಒಂಬತ್ತರಲ್ಲಿ ಬಿದ್ದಿತ್ತು ಮೇಡಂ" ಎನ್ನುತ್ತಾರೆ. ಒಂಬತ್ತರಲ್ಲಿ ಬಿದ್ದಿದೆ ಎಂದರೆ ಎಂಟು ತಿಂಗಳು ತುಂಬಿದೆ ಎಂದಷ್ಟೇ ಅರ್ಥ, ಅಂದರೆ ಸುಮಾರು 35 ವಾರ. ತುಂಬು ಗರ್ಭಕ್ಕೆ ಬೇಕಾದ 37 ವಾರಕ್ಕೆ ಇನ್ನೂ ಎರಡು ವಾರ ಬಾಕಿ. ಇದರ ಜೊತೆಗೆ ಏಳು ತಿಂಗಳ ಮಗು ಬದುಕುತ್ತದೆ, ಎಂಟು ತಿಂಗಳದ್ದು ಬದುಕುವುದಿಲ್ಲ ಎಂಬ ಮಾತು ಇಂದಿಗೂ ಓದಿದವರ ಮನೆಗಳಲ್ಲೂ ಓಡಾಡುತ್ತಿದೆ. ಇದಕ್ಕೆ ಯಾವ ಆಧಾರವೂ ಇಲ್ಲ. ಗರ್ಭದಲ್ಲಿ ಕಳೆಯುವ ಪ್ರತಿಯೊಂದು ವಾರವೂ ಆರ್‌ಡಿಎಸ್ ಸಾಧ್ಯತೆಯನ್ನು ಇಳಿಸುತ್ತದೆ. 28 ವಾರಕ್ಕೂ ಮೊದಲು ಹುಟ್ಟಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಬರುವ ಈ ತೊಂದರೆ ತುಂಬು ಗರ್ಭದಲ್ಲಿ ಹುಟ್ಟಿದವರಲ್ಲಿ ವಿರಳ.

ಇನ್ನು ಕೆಲವರು ಕೊನೆಯ ಸ್ಕ್ಯಾನಿಂಗ್ ವರದಿಯನ್ನು ಮುಂದೆ ಹಿಡಿದು "ಇದರಲ್ಲಿ 37 ವಾರ ಅಂತಲೇ ಇದೆಯಲ್ಲ" ಎನ್ನುತ್ತಾರೆ. ಇದನ್ನು ಎಷ್ಟು ಸಲ ವಿವರಿಸಿದರೂ ನನಗೆ ಸಾಕೆನಿಸುವುದಿಲ್ಲ. ಎಂಟು–ಒಂಬತ್ತನೇ ತಿಂಗಳಿನ ಸ್ಕ್ಯಾನಿಂಗ್ ಯಂತ್ರ ಮಗುವಿನ ತಲೆ, ಹೊಟ್ಟೆ, ತೊಡೆಮೂಳೆಗಳನ್ನು ಅಳೆದು, ಇಷ್ಟು ಗಾತ್ರದ ಮಗುವಿಗೆ ಸಾಮಾನ್ಯವಾಗಿ ಇಷ್ಟು ವಾರ ಎಂದು ಅಂದಾಜು ಹಾಕುತ್ತದೆ. ಅಂದರೆ ಅಲ್ಲಿ ಅಚ್ಚಾಗಿರುವ 37 ಎಂಬುದೂ ಗಾತ್ರವೇ ಹೊರತು ವಯಸ್ಸಲ್ಲ. ದಪ್ಪ ಮಗುವಿಗೆ ಅದು ಹೆಚ್ಚು ವಾರ ತೋರಿಸುತ್ತದೆ, ಸೊರಗಿದ ಮಗುವಿಗೆ ಕಡಿಮೆ ತೋರಿಸುತ್ತದೆ, ಕೊನೆಯ ತಿಂಗಳುಗಳಲ್ಲಿ ಎರಡು–ಮೂರು ವಾರಗಳಷ್ಟು ಆಚೀಚೆಯಾಗುವುದು ಸಾಮಾನ್ಯ. ನಂಬಬಹುದಾದದ್ದು ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನಿಂಗ್. ಆಗ ಎಲ್ಲ ಭ್ರೂಣಗಳೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಬೆಳೆಯುವುದರಿಂದ ಲೆಕ್ಕ ತಪ್ಪಿದರೂ ಒಂದು ವಾರದೊಳಗೆ ಇರುತ್ತದೆ. ಅದರಲ್ಲಿ ಬರೆದ ಹೆರಿಗೆಯ ದಿನಾಂಕವನ್ನು ಮುಂದಿನ ಸ್ಕ್ಯಾನಿಂಗ್‌ಗಳ ಆಧಾರದ ಮೇಲೆ ಬದಲಾಯಿಸಬಾರದು.

ತೂಕವಿದ್ದೂ ಉಸಿರಿಗೆ ಸೋತ ಮಕ್ಕಳಲ್ಲಿ ಜಗತ್ತಿನ ಗಮನ ಸೆಳೆದದ್ದು ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿಯವರ ಮಗ ಪ್ಯಾಟ್ರಿಕ್. 1963ರ ಆಗಸ್ಟ್ 7ರಂದು ಮ್ಯಾಸಚೂಸೆಟ್ಸ್‌ನಲ್ಲಿ ಸುಮಾರು ಮೂವತ್ತನಾಲ್ಕೂವರೆ ವಾರಕ್ಕೆ ಹುಟ್ಟಿದ ಆ ಮಗು 2.1 ಕೆ.ಜಿ. ತೂಗುತ್ತಿತ್ತು, ನಮ್ಮ ಹೆರಿಗೆ ವಾರ್ಡುಗಳಲ್ಲಿ ಯಾರೂ ಗಾಬರಿಯಾಗದ ತೂಕ ಅದು. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಗೆ ಸಾಗಿಸಿ, ಹೆಚ್ಚಿನ ಒತ್ತಡದ ಆಮ್ಲಜನಕ ಕೋಣೆಯಲ್ಲಿಟ್ಟರೂ ಎರಡು ದಿನ ತುಂಬುವುದರೊಳಗೆ ತೀರಿಕೊಂಡಿತು. ಆಗ ಕೊಡಲು ಬೇರೇನೂ ಇರಲಿಲ್ಲ. ಕಾಯಿಲೆಯ ಸಂಶೋಧನೆಗೆ ವೇಗ ಬಂದದ್ದು ಆಮೇಲೆ. ಮುಚ್ಚಿಕೊಳ್ಳುವ ಗಾಳಿಗೂಡುಗಳನ್ನು ನಿರಂತರ ಒತ್ತಡದಿಂದ ತೆರೆದಿಡುವ ಸಿಪ್ಯಾಪ್ ವಿಧಾನವನ್ನು ಜಾರ್ಜ್ ಗ್ರೆಗರಿ 1971ರಲ್ಲಿ ಪ್ರಕಟಿಸಿದರು. ಹಸುವಿನ ಶ್ವಾಸಕೋಶದಿಂದ ತೆಗೆದ ಸರ್ಫ್ಯಾಕ್ಟಂಟನ್ನು ಮಕ್ಕಳ ಶ್ವಾಸನಾಳಕ್ಕೆ ಹಾಕಿ ಗುಣವಾದದ್ದನ್ನು ಜಪಾನಿನ ಟೆಟ್ಸುರೊ ಫುಜಿವಾರಾ 1980ರಲ್ಲಿ ವರದಿ ಮಾಡಿದರು. ಅಷ್ಟೇ ವಾರದ, ಅಷ್ಟೇ ತೂಕದ ಮಗು ಇಂದು ಸಕಾಲದಲ್ಲಿ ಚಿಕಿತ್ಸೆ ಸಿಕ್ಕರೆ ಬಹುಪಾಲು ಗುಣವಾಗಿ ಮನೆಗೆ ಹೋಗುತ್ತದೆ. ಬಹುಪಾಲು ಎಂಬ ಮಾತನ್ನು ದಯವಿಟ್ಟು ಗಮನಿಸಿ. ಸೋಂಕು, ಹುಟ್ಟುವಾಗಿನ ಉಸಿರುಗಟ್ಟುವಿಕೆ ಜೊತೆಗೂಡಿದ್ದರೆ ನಾನು ಮುಂಚಿತವಾಗಿ ಯಾವ ಭರವಸೆಯನ್ನೂ ಕೊಡುವುದಿಲ್ಲ.

ಇಷ್ಟೆಲ್ಲ ತಿಳಿದ ಮೇಲೂ, ಮಗು ಚೆನ್ನಾಗಿ ತೂಕ ಬಂದಿದೆ, ಒಳ್ಳೆಯ ನಕ್ಷತ್ರವೂ ಇದೆ ಎಂದು ಎರಡು–ಮೂರು ವಾರ ಮುಂಚಿತವಾಗಿ ಸಿಸೇರಿಯನ್ ಮಾಡಿಸಿಕೊಳ್ಳಲು ಬರುವವರಿಗೆ ಏನು ಹೇಳುವುದು? ವೈದ್ಯಕೀಯ ಕಾರಣವಿದ್ದರೆ ಮಾತು ಬೇರೆ. ತಾಯಿಯ ರಕ್ತದೊತ್ತಡ ಕೈಮೀರಿದಾಗ 30 ವಾರಕ್ಕೂ ಹೆರಿಗೆ ಮಾಡಿಸಲೇಬೇಕಾಗುತ್ತದೆ. ಕಾರಣವಿಲ್ಲದಿದ್ದರೆ 39 ವಾರಕ್ಕೆ ಮೊದಲು ಸಿಸೇರಿಯನ್ ಬೇಡ ಎಂಬುದು ಪ್ರಸೂತಿ ತಜ್ಞರೇ ಒಪ್ಪಿಕೊಂಡ ನಿಯಮ. ಹೆರಿಗೆ ನೋವು ಶುರುವಾಗುವ ಮೊದಲೇ ತೆಗೆದ ಮಗುವಿನ ಶ್ವಾಸಕೋಶದಲ್ಲಿ ದ್ರವ ಉಳಿದುಕೊಳ್ಳುವುದು ಹೆಚ್ಚು, ಅದಕ್ಕೆ ಅಪಕ್ವತೆಯೂ ಸೇರಿದರೆ ಮುಹೂರ್ತಕ್ಕೆ ಸರಿಯಾಗಿ ಹುಟ್ಟಿದ ಮಗು ನಾಮಕರಣದ ದಿನವನ್ನು ನಮ್ಮ ಘಟಕದಲ್ಲೇ ಕಳೆಯಬೇಕಾಗಬಹುದು.

ಹುಟ್ಟಿದ ಮೇಲೆ ಗಮನಿಸಬೇಕಾದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ನಿಮಿಷಕ್ಕೆ 60ಕ್ಕಿಂತ ಹೆಚ್ಚು ಸಲ ಉಸಿರಾಡುವುದು, ಮೂಗಿನ ಹೊಳ್ಳೆ ಅರಳುವುದು, ಉಸಿರೆಳೆದಾಗ ಪಕ್ಕೆಲುಬುಗಳ ನಡುವೆ ಮತ್ತು ಎದೆಗುಂಡಿಯ ಕೆಳಗೆ ಗುಳಿ ಬೀಳುವುದು, ಪ್ರತಿ ಉಸಿರಿನ ಕೊನೆಗೆ "ಹ್ಞೂಂ" ಎಂದು ನರಳಿದಂಥ ಸದ್ದು. ಆ ಸದ್ದನ್ನು ಅಳು ಎಂದುಕೊಂಡು ಸಕ್ಕರೆ ನೀರು ಹಾಕಿದವರನ್ನು ನೋಡಿದ್ದೇನೆ. ಅದು ಅಳುವಲ್ಲ, ಗಾಳಿಗೂಡುಗಳು ಪೂರ್ತಿ ಮುಚ್ಚದಿರಲೆಂದು ಮಗು ತಾನೇ ಗಂಟಲನ್ನು ಬಿಗಿಹಿಡಿದು ಗಾಳಿಯನ್ನು ತಡೆಯುತ್ತಿರುತ್ತದೆ. ಸಿಪ್ಯಾಪ್ ಮಾಡುವುದೂ ಅದನ್ನೇ. ಚಿಕಿತ್ಸೆಯಿಲ್ಲದಿದ್ದರೆ ತೊಂದರೆ ಮೊದಲ ಎರಡು–ಮೂರು ದಿನ ಏರುತ್ತಲೇ ಹೋಗುತ್ತದೆ, ಆಮೇಲೆ ಮಗು ಸ್ವಂತ ಸರ್ಫ್ಯಾಕ್ಟಂಟ್ ತಯಾರಿಸಿದಂತೆ ಇಳಿಯುತ್ತದೆ. ಹಾಗಾಗಿ "ಹುಟ್ಟಿದಾಗ ಚೆನ್ನಾಗೇ ಇತ್ತು, ಇಲ್ಲಿಗೆ ತಂದ ಮೇಲೆ ಜಾಸ್ತಿಯಾಯಿತು" ಎಂಬ ಮಾತಿನಲ್ಲಿ ಸುಳ್ಳೇನಿಲ್ಲ, ಈ ಕಾಯಿಲೆಯ ನಡೆಯೇ ಹಾಗೆ.

ಅವಧಿಗೆ ಮುನ್ನ ನೋವು ಕಾಣಿಸಿಕೊಂಡರೆ ಹುಟ್ಟುವ ಮೊದಲೇ ಮಾಡಬಹುದಾದ ಒಂದು ಕೆಲಸವಿದೆ. ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ 1972ರಲ್ಲಿ ಪ್ರಕಟಿಸಿದ ಅಧ್ಯಯನದ ನಂತರ ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟು ಮಗುವಿನ ಶ್ವಾಸಕೋಶವನ್ನು ಬೇಗ ಪಕ್ವಗೊಳಿಸುವುದು ಬಳಕೆಗೆ ಬಂತು. ನಮ್ಮಲ್ಲಿ 24ರಿಂದ 34 ವಾರದೊಳಗಿನವರಿಗೆ ಡೆಕ್ಸಾಮೆಥಾಸೋನ್ 6 ಮಿ.ಗ್ರಾಂ.ನಂತೆ 12 ಗಂಟೆಗೊಮ್ಮೆ ನಾಲ್ಕು ಸಲ ಕೊಡುತ್ತಾರೆ. ಸ್ಟೀರಾಯ್ಡ್ ಎಂಬ ಹೆಸರು ಕೇಳಿ ಬೇಡವೆನ್ನುವವರಿದ್ದಾರೆ, ಎಲ್ಲ ಗರ್ಭಿಣಿಯರಿಗೂ ಒಂದು ಹಾಕಿಬಿಡಿ ಎನ್ನುವವರೂ ಇದ್ದಾರೆ; ಇಬ್ಬರೂ ತಪ್ಪು. ಬೆಳಗಾವಿಯೂ ಒಂದು ಕೇಂದ್ರವಾಗಿದ್ದ, ಹಲವು ದೇಶಗಳ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಹಳ್ಳಿಗಳ ಮಟ್ಟದಲ್ಲಿ, ವಾರಗಳ ಖಚಿತತೆ ಇಲ್ಲದ ಕಡೆಗಳಲ್ಲೂ ಈ ಚುಚ್ಚುಮದ್ದನ್ನು ವ್ಯಾಪಕವಾಗಿ ಕೊಟ್ಟಾಗ ಸಣ್ಣ ಮಕ್ಕಳ ಸಾವು ಇಳಿಯಲಿಲ್ಲ, ಒಟ್ಟಾರೆ ಶಿಶುಮರಣ ತುಸು ಏರಿತು. ವಿಶ್ವ ಆರೋಗ್ಯ ಸಂಸ್ಥೆ ನಡೆಸಿ 2020ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಸ್ಕ್ಯಾನಿಂಗ್‌ನಿಂದ ವಾರ ಖಚಿತಪಡಿಸಿಕೊಂಡು ಆಸ್ಪತ್ರೆಗಳಲ್ಲಿ ಅದೇ ಔಷಧ ಕೊಟ್ಟಾಗ ಶಿಶುಗಳ ಸಾವು ಸ್ಪಷ್ಟವಾಗಿ ಕಡಿಮೆಯಾಯಿತು. ಎರಡು ಅಧ್ಯಯನಗಳ ನಡುವೆ ವ್ಯತ್ಯಾಸಗಳು ಹಲವು, ಅವುಗಳಲ್ಲಿ ವಾರ ಗೊತ್ತಿರುವುದೂ ಒಂದು ಎಂದಷ್ಟೇ ಹೇಳಬಲ್ಲೆ.

ಈ ವಾರದ ದಾಖಲೆ ಎಲ್ಲಿರುತ್ತದೆ ಎಂದರೆ, ಹೆಚ್ಚಾಗಿ ಗಂಡನ ಮನೆಯ ಬೀರುವಿನಲ್ಲಿ. ಸೀಮಂತ ಮುಗಿಸಿ ತವರಿಗೆ ಹೊರಡುವಾಗ ರೇಷ್ಮೆ ಸೀರೆ, ಬಳೆ, ಚಿಗಳಿ, ತಂಬಿಟ್ಟು ಎಲ್ಲವೂ ಬ್ಯಾಗಿಗೆ ಬರುತ್ತವೆ, ಮೊದಲ ಸ್ಕ್ಯಾನಿಂಗ್ ವರದಿ ಮತ್ತು ತಾಯಿ ಕಾರ್ಡ್ ಅಲ್ಲೇ ಉಳಿಯುತ್ತವೆ. ರಾತ್ರಿ ಎರಡು ಗಂಟೆಗೆ ನೋವು ಕಾಣಿಸಿಕೊಂಡಾಗ ಡ್ಯೂಟಿಯಲ್ಲಿರುವ ವೈದ್ಯರ ಕೈಯಲ್ಲಿರುವುದು ಹೊಟ್ಟೆಯ ಗಾತ್ರ ಮಾತ್ರ. ಚುಚ್ಚುಮದ್ದು ಕೊಡಬೇಕೋ ಬೇಡವೋ, ಇಲ್ಲೇ ಹೆರಿಗೆ ಮಾಡಿಸಬೇಕೋ ಅಥವಾ ಮಗು ಹೊಟ್ಟೆಯಲ್ಲಿರುವಾಗಲೇ ನವಜಾತ ಶಿಶು ಘಟಕವಿರುವ ಆಸ್ಪತ್ರೆಗೆ ಕಳಿಸಬೇಕೋ ಎಂಬುದನ್ನು ಅದರ ಮೇಲೆ ತೀರ್ಮಾನಿಸಬೇಕಾಗುತ್ತದೆ. ಕಳೆದ ಮಳೆಗಾಲದಲ್ಲಿ ಬಂದ ಒಬ್ಬ ಹುಡುಗಿ ಆ ಎರಡನ್ನೂ ಮೊಬೈಲಿನಲ್ಲಿ ಫೋಟೋ ತೆಗೆದು ತನ್ನ ಅಣ್ಣನಿಗೂ ಕಳಿಸಿಟ್ಟಿದ್ದಳು. ತಾಲ್ಲೂಕು ಆಸ್ಪತ್ರೆಯಲ್ಲಿ ಅದನ್ನು ನೋಡಿ 31 ವಾರವೆಂದು ಖಚಿತವಾಗಿ, ಮೊದಲ ಚುಚ್ಚುಮದ್ದು ಕೊಟ್ಟೇ ಆಂಬ್ಯುಲೆನ್ಸ್ ಹತ್ತಿಸಿದ್ದರು. ಉಳಿದ ಮೂರೂ ನಮ್ಮಲ್ಲಿ ಮುಗಿದ ಮೇಲೆ ಹೆರಿಗೆಯಾಯಿತು. ಮಗುವಿಗೆ ಸಿಪ್ಯಾಪ್ ಬೇಕಾಯಿತು, ಸರ್ಫ್ಯಾಕ್ಟಂಟ್ ಬೇಕಾಗಲಿಲ್ಲ. ಹೊರಗೆ ನಿಂತಿದ್ದ ಅಣ್ಣ ಮಾತ್ರ ನನ್ನನ್ನು ಕಂಡೊಡನೆ ಕೇಳಿದ್ದು ತೂಕ ಎಷ್ಟು ಎಂದೇ.