ಕೀಲು ಸವೆದ ಕುದುರೆ: ಇನ್ನೊಂದು ಸೀಸನ್ ಹಾರಿಸಬಹುದಾ?

ಪ್ರಶ್ನೆ: ನಮ್ಮ ಜಂಪಿಂಗ್ ಕುದುರೆಗೆ 14 ವರ್ಷ. ಹಿಂಗಾಲಿನ ಮಧ್ಯದ ಹಾಕ್ ಕೀಲು ಸವೆದಿದೆ ಎಂದು ಎಕ್ಸ್‌ರೇಯಲ್ಲಿ ಗೊತ್ತಾಗಿದೆ. ಕೀಲಿಗೆ ಇಂಜೆಕ್ಷನ್ ಕೊಡಿಸಿದರೆ ಚೆನ್ನಾಗಿಯೇ ಹಾರುತ್ತಾನೆ. ಸ್ಪರ್ಧೆ ನಿಲ್ಲಿಸಬೇಕಾ?

ಉತ್ತರ: ಹಳೇ ಬಿಲ್ಲುಗಳನ್ನು ಹುಡುಕಿ, ಇಂಜೆಕ್ಷನ್ ಕೊಡಿಸಿದ ತಾರೀಕುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಮೊದಲನೆಯದು 10 ತಿಂಗಳು ತಡೆದು, ಆಮೇಲಿನದು 6, ಈಗಿನದು ಮೂರೇ ತಿಂಗಳಿಗೆ ಇಳಿದಿದ್ದರೆ ಹಾರಿಸುವುದನ್ನು ನಿಲ್ಲಿಸಿ. ಇಂಜೆಕ್ಷನ್ನಿನಲ್ಲಿರುವ ಸ್ಟೀರಾಯ್ಡ್ ಉರಿಯೂತ ತಗ್ಗಿಸುತ್ತದೆ, ಕೀಲಿನ ಮೂಳೆಗಳ ತುದಿಯಲ್ಲಿರುವ, ಸವೆದ ಮೃದ್ವಸ್ಥಿಯನ್ನು ಮತ್ತೆ ಬೆಳೆಸುವುದಿಲ್ಲ.

ಅಂತರ ಕಡಿಮೆಯಾಗಿಲ್ಲವೇ? ಹಾಗಾದರೆ ಸವೆತ ಯಾವ ಕೀಲಿನಲ್ಲಿದೆ ಎಂದು ಪಶುವೈದ್ಯರನ್ನು ಕೇಳಿ. ಹಾಕ್ ಅನ್ನುವುದು ಒಂದೇ ಕೀಲಲ್ಲ, ಒಂದರ ಮೇಲೊಂದು ಕೂತಿರುವ ಹಲವು ಕೀಲುಗಳು. ಕೆಳಗಿನ ಎರಡಕ್ಕೆ ಚಲನೆ ತೀರಾ ಕಡಿಮೆ. ಕೆಲವು ಕುದುರೆಗಳಲ್ಲಿ ಅವು ತಾವಾಗಿಯೇ ಬೆಸೆದುಕೊಂಡು ನೋವು ಇಳಿಯುತ್ತದೆ, ಆದರೆ ಅದಕ್ಕೆ ವರ್ಷಗಳೇ ಹಿಡಿಯಬಹುದು, ಖಾತ್ರಿಯೂ ಇಲ್ಲ. ಮೇಲಿನ ದೊಡ್ಡ ಕೀಲು ಪ್ರತಿ ಹೆಜ್ಜೆಗೂ ಮಡಚುತ್ತದೆ. ಸವೆತ ಅಲ್ಲಿದ್ದರೆ ನಾನಂತೂ ಇನ್ನೊಂದು ಸೀಸನ್ನಿನ ಮಾತೇ ಎತ್ತುವುದಿಲ್ಲ. ಎಕ್ಸ್‌ರೇ ಒಂದನ್ನೇ ನಂಬಿ ಕೂರಬೇಡಿ. ಚಿತ್ರದಲ್ಲಿ ಕಾಣುವ ಹಾಳಿಗೂ ಕುದುರೆ ಪಡುವ ನೋವಿಗೂ ಎಷ್ಟೋ ಸಲ ತಾಳೆಯಾಗುವುದಿಲ್ಲ.

ಬೆಳಿಗ್ಗೆ ಲಾಯದಿಂದ ಹೊರಗೆ ತಂದಾಗಿನ ಮೊದಲ ಹತ್ತು ಹೆಜ್ಜೆ ನೋಡಿ. ಗಟ್ಟಿ ನೆಲದ ಮೇಲೆ, ಮೈ ಬಿಸಿಯಾಗುವ ಮೊದಲೇ. ಚಿಕ್ಕ ಸುತ್ತು ತಿರುಗಿಸಿದಾಗ ಕಾಲೆತ್ತದೆ ಎಳೆಯುತ್ತಾನಾ? ಹಿಂಗಾಲಿನ ಲಾಳದ ಮುಂತುದಿ ಮಾತ್ರ ತೆಳ್ಳಗಾಗಿದೆಯಾ? ಲಾಳ ಹೊಡೆಯುವವರನ್ನೂ ವಿಚಾರಿಸಿ. ಕಾಲು ಮಡಚಿ ಹಿಡಿದಾಗ ಕಿತ್ತುಕೊಳ್ಳುತ್ತಾನೆ ಅನ್ನುವುದು ಅವರಿಗೆ ನಮಗಿಂತ ಮೊದಲೇ ತಿಳಿದಿರುತ್ತದೆ. ಹಾರಬೇಕಾದ ಬೇಲಿಯ ಮುಂದೆ ಒಂದೇ ಪಕ್ಕಕ್ಕೆ ಸರಿಯುವುದು, ಹಿಂದೆಂದೂ ಇಲ್ಲದೆ ತಟ್ಟನೆ ನಿಲ್ಲುವುದು ಇವೆಲ್ಲ ನಮ್ಮ ಕಣ್ಣಿಗೆ ಹಟ. ನಾನೂ ಒಂದು ಕುದುರೆಯನ್ನು ಇಡೀ ಬೇಸಿಗೆ ಹಟಮಾರಿ ಎಂದು ಬೈದು, ಆಮೇಲೆ ಅದರ ಎಕ್ಸ್‌ರೇ ನೋಡಿ ಬಾಯಿ ಮುಚ್ಚಿಕೊಂಡವನೇ.

ನೋವು ನಿವಾರಕ ಫಿನೈಲ್‌ಬ್ಯೂಟಜೋನ್ ಕೊಟ್ಟಾಗ ಕುಂಟು ಮಾಯವಾದರೆ ಅಲ್ಲಿ ನೋವಿದೆ ಎಂದೇ ಅರ್ಥ, ಹಾರಿಸಲು ಪರವಾನಗಿ ಅಲ್ಲ. ಕುದುರೆ ಸವಾರಿ ಕ್ರೀಡೆಯ ಅಂತರರಾಷ್ಟ್ರೀಯ ಒಕ್ಕೂಟ ಎಫ್‌ಇಐನ ಸ್ಪರ್ಧೆಗಳಲ್ಲಿ ಕುದುರೆಯ ಮೈಯಲ್ಲಿ ಅದು ಇರುವಂತೆಯೇ ಇಲ್ಲ.

ನಿವೃತ್ತಿ ಅಂದರೆ ಲಾಯದಲ್ಲಿ ಕಟ್ಟಿಹಾಕುವುದು ಎಂದುಕೊಂಡೇ ಹಲವರು ಹಿಂಜರಿಯುತ್ತಾರೆ. ನಿಂತಲ್ಲೇ ನಿಂತರೆ ಇಂಥ ಕೀಲು ಇನ್ನಷ್ಟು ಬಿಗಿಯುತ್ತದೆ. ದಿನವೂ ಬಯಲಿಗೆ ಬಿಡಿ. ವೈದ್ಯರು ಒಪ್ಪಿದರೆ ಹಗುರ ಸವಾರಿ ಇರಲಿ; ಹೊಸಬರಿಗೆ ಸವಾರಿ ಕಲಿಸಲು ಅನುಭವಿ ಕುದುರೆಗಿಂತ ಒಳ್ಳೆಯ ಗುರು ಸಿಗುವುದಿಲ್ಲ. ಕೆಲಸವನ್ನು ವಾರವಾರ ಇಳಿಸುತ್ತ ಬನ್ನಿ, ಜೊತೆಗೆ ಧಾನ್ಯವನ್ನೂ ಇಳಿಸಿ. ಮೈ ತೂಕ ಏರಿದರೆ ಆ ಭಾರವೂ ಅದೇ ಕೀಲಿನ ಮೇಲೆ. ಸ್ಪರ್ಧೆ ಇಲ್ಲವೆಂದು ಗೊರಸು ಕತ್ತರಿಸುವುದನ್ನು ಮುಂದೂಡಬೇಡಿ. 6ರಿಂದ 8 ವಾರಕ್ಕೊಮ್ಮೆ ಆಗಲೇಬೇಕು. ಗೊರಸಿನ ಮುಂಭಾಗ ಉದ್ದವಾದಷ್ಟೂ ಪ್ರತಿ ಹೆಜ್ಜೆ ಎತ್ತುವಾಗ ಕೀಲಿಗೆ ಎಳೆತ ಹೆಚ್ಚು.