ಶಿಖರ ಉಬ್ಬಿತೋ, ಗಾಳಿಯಲ್ಲಿ ತೇವವಿತ್ತೋ?

ಚಳಿಗಾಲದ ಬೆಳಗ್ಗೆ ಆರಕ್ಕೆ ನಂದಿಬೆಟ್ಟದ ತುದಿಯಲ್ಲಿ ನಿಂತರೆ ಕೆಳಗೆ ಚಿಕ್ಕಬಳ್ಳಾಪುರದ ಕಡೆಯೆಲ್ಲ ಮಂಜು, ನೆತ್ತಿಯ ಮೇಲೆ ಶುಭ್ರ ಆಕಾಶ. ಜ್ವಾಲಾಮುಖಿಗಳ ನೆಲ ಉಬ್ಬಿತೋ ಕುಗ್ಗಿತೋ ಎಂದು ಅಳೆಯುವ ಯುರೋಪಿನ ಉಪಗ್ರಹ ಸೆಂಟಿನೆಲ್-1ರ ರೇಡಾರ್ ಹಾದುಹೋಗುವುದೂ ಸ್ಥಳೀಯ ಕಾಲ ಬೆಳಗಿನ ಅಥವಾ ಸಂಜೆಯ ಆರರ ಆಸುಪಾಸಿಗೇ. ಮಂಜು, ಮೋಡ ಅದಕ್ಕೆ ಅಡ್ಡಿಯಲ್ಲ. ಏಮಾರಿಸುವುದು ಕಣ್ಣಿಗೆ ಕಾಣದ ನೀರಾವಿ.

ಒಂದೇ ಕಕ್ಷೆಯಿಂದ 12 ದಿನದ ಅಂತರದಲ್ಲಿ ತೆಗೆದ ಎರಡು ಚಿತ್ರಗಳಲ್ಲಿ ಒಂದರ ಫೇಸನ್ನು (ಮರಳಿದ ಅಲೆ ತನ್ನ ಏರಿಳಿತದ ಯಾವ ಹಂತದಲ್ಲಿದೆ ಎಂಬ ಅಳತೆ) ಇನ್ನೊಂದರಿಂದ ಕಳೆದು, ಬೆಟ್ಟದ ಏರಿಳಿತದ ಪಾಲನ್ನೂ ತೆಗೆದರೆ ಬಣ್ಣದ ಬಳೆಗಳು ಉಳಿಯುತ್ತವೆ. ಅಲೆಯುದ್ದ 5.6 ಸೆಂ.ಮೀ.; ಅಲೆ ಹೋಗಿ ಬರುವುದರಿಂದ ಒಂದು ಬಳೆಯೆಂದರೆ ನೆಲ 2.8 ಸೆಂ.ಮೀ. ಸರಿದಂತೆ. ಅದೂ ಉಪಗ್ರಹದ ಓರೆ ನೋಟದಲ್ಲಿ. ನೆಲ ಉತ್ತರ-ದಕ್ಷಿಣಕ್ಕೆ ಸರಿದರೆ ಹೆಚ್ಚೂಕಡಿಮೆ ಕಾಣುವುದೇ ಇಲ್ಲ.

ಮೇಲಿನ ಗಾಳಿಯ ಆವಿಯನ್ನೆಲ್ಲ ನೀರಾಗಿಸಿದಾಗ 5 ಮಿ.ಮೀ. ಹೆಚ್ಚು ಬಂದರೆ ಸಾಕು, ಅಲೆ ಸುಮಾರು 3 ಸೆಂ.ಮೀ. ತಡವಾಗುತ್ತದೆ. ಪೂರ್ತಿ ಒಂದು ಬಳೆ! ಆವಿ ತಪ್ಪಲಲ್ಲಿ ದಟ್ಟ, ಶಿಖರದಲ್ಲಿ ತೆಳು. ಅಲುಗದ ಬಿಂದುವೆಂದು ನಾವು ಹಿಡಿಯುವುದು ತಪ್ಪಲನ್ನೇ. ಹಾಗಾಗಿ ಎರಡನೇ ಚಿತ್ರದ ದಿನ ಸೆಕೆ ಹೆಚ್ಚಿದ್ದರೆ, ಒಳಗೆ ಶಿಲಾಪಾಕ ತುಂಬುತ್ತಿದೆಯೇನೋ ಎನ್ನುವಂತೆ ಶಿಖರ ಎದ್ದು ಕಾಣುತ್ತದೆ. ಇಟಲಿಯ ಜ್ವಾಲಾಮುಖಿ ಎಟ್ನಾದ 1991–93ರ ಸ್ಫೋಟದಲ್ಲಿ ಬೆಟ್ಟ ಕುಗ್ಗಿತೆಂದು ಮೊದಲು ಎಣಿಸಿದ್ದರಲ್ಲಿ ಒಂದಷ್ಟು ಪಾಲು ಗಾಳಿಯದೇ ಎಂದು ಆಮೇಲೆ ಗೊತ್ತಾಯಿತು.

ಕಳ್ಳನನ್ನು ಹಿಡಿಯಲು ಮೂರು ದಿನಾಂಕ ಬೇಕು. ಜೂನ್ 1–13ರ ಜೋಡಿಯಲ್ಲಿ ಶಿಖರ 3 ಸೆಂ.ಮೀ. ಎದ್ದು, 13–25ರಲ್ಲಿ ಅಷ್ಟೇ ಇಳಿದು, 1–25ರಲ್ಲಿ ಏನೂ ಇಲ್ಲದಿದ್ದರೆ 13ರ ಗಾಳಿಯ ಮೇಲೆಯೇ ಮೊದಲ ಅನುಮಾನ. ಆ ದಿನಾಂಕ ಬಿಟ್ಟು ಮತ್ತೆ ಲೆಕ್ಕ ಹಾಕಿ. ಶಿಖರ ನಿಜಕ್ಕೂ ಎದ್ದು ಇಳಿದಿರಲೂಬಹುದು. ಅದನ್ನು ತೀರ್ಮಾನಿಸಲು ತಪ್ಪಲಲ್ಲೊಂದು, ಮೇಲೊಂದು ಜಿಪಿಎಸ್ ಬೇಕು. ಒಂದೇ ಜೋಡಿ ನೋಡಿ ಎಚ್ಚರಿಕೆ ಕೊಡುವುದು ನನ್ನ ಪ್ರಕಾರ ದುಡುಕು.

ಹಸಿರಿನದು ಬೇರೆ ತಲೆನೋವು. ಸ್ಕಂದಗಿರಿಯಂಥ ಬೋಳು ಬಂಡೆ ತಿಂಗಳುಗಟ್ಟಲೆ ಒಂದೇ ಬಗೆಯಲ್ಲಿ ಅಲೆ ಮರಳಿಸುತ್ತದೆ. ಪಕ್ಕದ ರಾಗಿ ಹೊಲ ಬೆಳೆಯುವ ದಿನಗಳಲ್ಲಿ 12 ದಿನಕ್ಕೇ ಗುರುತು ಸಿಗದಷ್ಟು ಬದಲಾಗುತ್ತದೆ. ಚಿತ್ರದಲ್ಲಿ ಅಲ್ಲಿ ಬರೀ ಚುಕ್ಕಿ. ಕಾಡು ಮುಚ್ಚಿದ ಜ್ವಾಲಾಮುಖಿಗಳದ್ದೂ ಅದೇ ಪಾಡು. 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಹಾರಿದ, ನಾಸಾ-ಇಸ್ರೊ ಜಂಟಿ ರೇಡಾರ್ ಉಪಗ್ರಹ ನಿಸಾರ್‌ನ 24 ಸೆಂ.ಮೀ. ಅಲೆ ಎಲೆಗಳ ನಡುವೆ ನುಸುಳಿ ಇಲ್ಲಿ ಬಹಳ ಉಪಕಾರ ಮಾಡುತ್ತದೆ. ಆದರೆ ನೀರಾವಿಯ ತಡ ಉದ್ದ ಅಲೆಗೂ ಅಷ್ಟೇ ಸೆಂಟಿಮೀಟರ್; ಮೇಲಾಗಿ ವಾತಾವರಣದ ಮೇಲ್ಭಾಗದ ವಿದ್ಯುದಾವೇಶಿತ ಪದರವಾದ ಅಯಾನುಗೋಳದ ಕಾಟ ಅದಕ್ಕೆ ಇನ್ನೂ ಜಾಸ್ತಿ.